ಮಲ್ಟಿಕೋರ್ ಬ್ಲೇಡ್ ಸರ್ವರ್ ಮತ್ತು ಹೈಬ್ರಿಡ್ ಗಣನೆ: ವ್ಯಾಪಾರಸ್ಥರು ಅರಿತಿರಬೇಕಾದ ಸಂಗತಿಗಳು

ಲೆಕ್ಕಪತ್ರಗಳ ವಾರ್ಷಿಕ ಪರಿಶೋಧನೆಯ ಸಂದರ್ಭದಲ್ಲಿ ಅಫಜಲಪುರ ತಾಲೂಕಿನ ಚೌಡಾಪುರದ ಕಡೆಯ ಉದ್ಯಮಿ ಮಿತ್ರರೊಬ್ಬರು ಒಂದು ದರಪಟ್ಟಿಯನ್ನು ನನ್ನ ಮುಂದಿರಿಸಿದರು. ತೊಗರಿ ಬೇಳೆ ಮಿಲ್ಲು ಅವರದು. ಮಗ ಇಂಜಿನಿಯರಿಂಗ್ ಪದವಿ ಪಡೆದು ವ್ಯವಹಾರಕ್ಕೆ ಕೈಜೋಡಿಸಿದ್ದಾನೆ. ದರಪಟ್ಟಿಯ ತಲೆಯ ಮೇಲೆ ‘ಹೈಬ್ರಿಡ್ ಕಂಪ್ಯೂಟಿಂಗ್‌ಗೆ ಸಿದ್ಧವಾದ ಮಲ್ಟಿಕೋರ್ ಬ್ಲೇಡ್ ಸರ್ವರ್’ ಎಂದಿತ್ತು. ಬುಡದಲ್ಲಿ ಹದಿನೆಂಟು ಲಕ್ಷ ರೂಪಾಯಿಗಳ ಮೊತ್ತವಿತ್ತು. “ಇದು ನಮಗೆ ಬೇಕೋ ಬೇಡವೋ, ಒಂದು ಮಾತಿನಲ್ಲಿ ಹೇಳಿಬಿಡಿ” ಎಂದು ಅವರು ಕೇಳಿದರು.

ಒಂದೇ ಮಾತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣವೂ ಉಂಟು. ಹಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ ನಾನು ಅವಸರದಲ್ಲಿ ಉತ್ತರ ಕೊಟ್ಟು, ಬೇರೊಬ್ಬ ಕಕ್ಷಿದಾರರ ಹಣ ಪೋಲಾಗಲು ಕಾರಣನಾಗಿದ್ದೆ. ಆ ಪ್ರಸಂಗವನ್ನು ಮುಂದೆ ನಿವೇದಿಸುವೆನು. ಮೊದಲು ಈ ಯಂತ್ರವೆಂದರೇನು, ಅದನ್ನು ಹೀಗೆ ಏಕೆ ರಚಿಸುತ್ತಾರೆ, ನಮ್ಮ ರಾಜ್ಯದಲ್ಲಿ ಅದರ ಬಳಕೆ ಹೇಗಿದೆ ಎಂಬುದನ್ನು ತಿಳಿಯೋಣ. ನಾನು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿ, ತಂತ್ರಜ್ಞನಲ್ಲ. ಆದರೆ ಹಣ ತೊಡಗಿಸುವವನು ಯಂತ್ರದ ಅಂತರಂಗವನ್ನು ಒಂದಿಷ್ಟಾದರೂ ಅರಿಯದಿದ್ದರೆ ಮಾರುವವನ ಮಾತೇ ವೇದವಾಗುತ್ತದೆ.

ಒಂದು ಚಿಪ್ಪು, ಹಲವು ಕೋರ್‌ಗಳು

ಗಣಕದ ಮೆದುಳೆನಿಸಿದ ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಕೋರ್ ಎಂದು ಹೆಸರು. ಬಹುಕಾಲ ಒಂದು ಚಿಪ್ಪಿನಲ್ಲಿ ಒಂದೇ ಕೋರ್ ಇರುತ್ತಿತ್ತು. ಅದರ ಗಡಿಯಾರದ ವೇಗವನ್ನು ಏರಿಸುತ್ತ ಹೋಗುವುದೇ ಪ್ರಗತಿಯೆನಿಸಿತ್ತು. ಆದರೆ ವೇಗ ಏರಿಸಬೇಕಾದರೆ ವಿದ್ಯುತ್ತಿನ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಚಿಪ್ಪು ಬಳಸುವ ವಿದ್ಯುತ್ತು ವೇಗದೊಂದಿಗೆ ನೇರವಾಗಿಯೂ, ವೋಲ್ಟೇಜಿನೊಂದಿಗೆ ಅದರ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಇದನ್ನು ತಿರುವಿ ನೋಡಿದರೆ ಲಾಭದ ದಾರಿ ಕಾಣುತ್ತದೆ. ವೇಗ ಮತ್ತು ವೋಲ್ಟೇಜುಗಳೆರಡನ್ನೂ ಶೇ. 20ರಷ್ಟು ಇಳಿಸಿದರೆ ವಿದ್ಯುತ್ತು 0.8 x 0.8 x 0.8, ಅಂದರೆ ಸುಮಾರು ಶೇ. 51ಕ್ಕೆ ಇಳಿಯುತ್ತದೆ. ಹೀಗಾಗಿ ಒಂದು ವೇಗದ ಕೋರ್‌ಗೆ ತಗಲುವ ವಿದ್ಯುತ್ತಿನಲ್ಲಿ ಎರಡು ನಿಧಾನದ ಕೋರ್‌ಗಳನ್ನು ನಡೆಸಿ, ಹೆಚ್ಚೆಂದರೆ 1.6 ಪಟ್ಟು ಕೆಲಸವನ್ನು ಪಡೆಯಬಹುದು.

ಐಬಿಎಂ ಸಂಸ್ಥೆಯು 2001ರಲ್ಲಿ ಹೊರತಂದ ಪವರ್4 ಚಿಪ್ಪಿನಲ್ಲಿ ಎರಡು ಕೋರ್‌ಗಳಿದ್ದವು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ಅದೇ ಮಾರ್ಗವನ್ನು ಹಿಡಿದವು. ಇಂದು ಒಂದೇ ಸರ್ವರ್ ಚಿಪ್ಪಿನಲ್ಲಿ ಹತ್ತಾರು ಕೋರ್‌ಗಳಿರುವುದು ಸಾಮಾನ್ಯ ಸಂಗತಿ.

‘ಹೆಚ್ಚೆಂದರೆ’ ಎಂಬ ಶಬ್ದವನ್ನು ವಾಚಕರು ಮರೆಯಬಾರದು. ಕೆಲಸವನ್ನು ಹಂಚಲು ಬಂದರೆ ಮಾತ್ರ ಹೆಚ್ಚಿನ ಕೋರ್‌ಗಳಿಂದ ಪ್ರಯೋಜನವುಂಟು. ಜೀನ್ ಆಮ್ಡಾಲ್ ಎಂಬ ಗಣಕ ವಿನ್ಯಾಸಕಾರರು 1967ರಲ್ಲಿಯೇ ಈ ಮಿತಿಯನ್ನು ತೋರಿಸಿಕೊಟ್ಟರು. ಒಂದು ಮಿಲ್ಲಿನಲ್ಲಿ ಹತ್ತು ಯಂತ್ರಗಳಿದ್ದರೂ ಬಾಗಿಲಲ್ಲಿ ತೂಕದ ಸೇತುವೆ ಒಂದೇ ಆಗಿದ್ದರೆ ಲಾರಿಗಳು ಸಾಲಿನಲ್ಲಿಯೇ ನಿಲ್ಲಬೇಕಷ್ಟೆ. ಕೆಲಸದ ಶೇ. 20 ಭಾಗವನ್ನು ಹಂಚಲಾಗದು ಎಂದಿಟ್ಟುಕೊಳ್ಳೋಣ. 16 ಕೋರ್‌ಗಳನ್ನು ತೊಡಗಿಸಿದರೂ ವೇಗವು 4 ಪಟ್ಟಾಗುತ್ತದೆಯೇ ಹೊರತು 16 ಪಟ್ಟಾಗದು. ಕೋರ್‌ಗಳು ಸಾವಿರವಾದರೂ 5 ಪಟ್ಟನ್ನು ದಾಟುವುದು ಅಸಾಧ್ಯ. ನಮ್ಮ ದೈನಂದಿನ ಖಾತೆ-ಕಿರ್ದಿಯ ತಂತ್ರಾಂಶಗಳಲ್ಲಿ ಹಂಚಲಾಗದ ಭಾಗವೇ ಅಧಿಕವಾಗಿರುವುದುಂಟು.

ಬ್ಲೇಡ್ ಎಂದರೇನು?

ಸಾಧಾರಣ ಸರ್ವರ್ ಒಂದು ಪೂರ್ಣ ಪೆಟ್ಟಿಗೆ. ಅದಕ್ಕೆ ತನ್ನದೇ ಆದ ವಿದ್ಯುತ್ ಘಟಕ, ಪಂಖೆಗಳು, ಜಾಲದ ಜೋಡಣೆ ಎಲ್ಲವೂ ಇರುತ್ತವೆ. ಬ್ಲೇಡ್ ಸರ್ವರ್‌ನಲ್ಲಿ ಇವುಗಳನ್ನು ತೆಗೆದುಹಾಕಿ ಪ್ರೊಸೆಸರ್, ಮೆಮೊರಿಗಳುಳ್ಳ ತೆಳುವಾದ ಫಲಕವನ್ನಷ್ಟೇ ಉಳಿಸಲಾಗುತ್ತದೆ. ಇಂಥ ಹಲವು ಫಲಕಗಳು ಚಾಸಿ ಎಂಬ ಒಂದು ಚೌಕಟ್ಟಿನೊಳಗೆ, ಕಪಾಟಿನಲ್ಲಿ ಪುಸ್ತಕಗಳಂತೆ ನಿಲ್ಲುತ್ತವೆ. ವಿದ್ಯುತ್ತು, ಗಾಳಿ, ಜಾಲಗಳನ್ನು ಚಾಸಿಯೇ ಎಲ್ಲಕ್ಕೂ ಸಮನಾಗಿ ಒದಗಿಸುತ್ತದೆ. ಎಪಿಎಂಸಿ ಪ್ರಾಂಗಣದಲ್ಲಿ ಪ್ರತಿ ಅಡತಿ ಅಂಗಡಿಯವರು ಬೇರೆ ಬೇರೆ ರಸ್ತೆ, ಬೇರೆ ಬೇರೆ ಕಾವಲುಗಾರರನ್ನು ಇಟ್ಟುಕೊಳ್ಳದೆ ಪ್ರಾಂಗಣದ ಸೌಲಭ್ಯವನ್ನು ಹಂಚಿಕೊಳ್ಳುವ ಹಾಗೆಯೇ ಇದು.

ಉದಾಹರಣೆಗೆ, ಐಬಿಎಂ 2002ರಲ್ಲಿ ಹೊರತಂದ ಬ್ಲೇಡ್‌ಸೆಂಟರ್ ಚಾಸಿಯು 7 ಯು ಎತ್ತರದಲ್ಲಿ 14 ಬ್ಲೇಡ್‌ಗಳನ್ನು ಹಿಡಿಯುತ್ತಿತ್ತು. ಒಂದು ಯು ಎಂದರೆ ಒಂದೂ ಮುಕ್ಕಾಲು ಅಂಗುಲ. 42 ಯು ಎತ್ತರದ ರ್‍ಯಾಕಿನಲ್ಲಿ ಒಂದು ಯು ಎತ್ತರದ ಸಾಧಾರಣ ಸರ್ವರ್‌ಗಳು 42 ಹಿಡಿದರೆ, ಬ್ಲೇಡ್‌ಗಳು 84 ಹಿಡಿಯುತ್ತಿದ್ದವು. ಒಂದು ಬ್ಲೇಡ್ ಕೆಟ್ಟರೆ ಉಳಿದವುಗಳನ್ನು ನಿಲ್ಲಿಸದೆ ಅದೊಂದನ್ನೇ ಹೊರಗೆಳೆದು ಬದಲಿಸಬಹುದು.

ಇದರ ದೋಷಗಳೂ ಈ ಗುಣಗಳಲ್ಲಿಯೇ ಅಡಗಿವೆ. ಚಾಸಿಯ ಬೆಲೆಯನ್ನು ಮೊದಲ ದಿನವೇ ತೆರಬೇಕು. ಬ್ಲೇಡ್‌ಗಳು ತುಂಬಿದಷ್ಟೂ ಆ ಬೆಲೆ ಹಂಚಿಹೋಗುತ್ತದೆ. ಎರಡೇ ಬ್ಲೇಡ್‌ಗಳನ್ನು ಕೊಂಡವನು ಖಾಲಿ ಮನೆಗಳಿಗೂ ಬಾಡಿಗೆ ತೆತ್ತಂತೆ. ಜೊತೆಗೆ ಒಂದು ತಯಾರಕರ ಚಾಸಿಗೆ ಇನ್ನೊಬ್ಬರ ಬ್ಲೇಡ್ ಸಾಮಾನ್ಯವಾಗಿ ಹೊಂದುವುದಿಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಯಂತ್ರ ಎಂದರೆ ಕಡಿಮೆ ಜಾಗದಲ್ಲಿ ಹೆಚ್ಚು ಶಾಖ ಎಂದೂ ಅರ್ಥ. ನಮ್ಮ ಭಾಗದ ಏಪ್ರಿಲ್-ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಹೈಬ್ರಿಡ್: ಮುನೀಮನೂ ಹಮಾಲರೂ

ಸಾಮಾನ್ಯ ಪ್ರೊಸೆಸರ್ ಅನುಭವಿ ಮುನೀಮನಿದ್ದಂತೆ. ಯಾವುದೇ ಬಗೆಯ ಕೆಲಸ ಬಂದರೂ ವಿಚಾರಿಸಿ, ‘ಹೀಗಾದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ನಿರ್ಧರಿಸಬಲ್ಲದು. ಜಿಪಿಯು ಎಂಬ ಚಿತ್ರ ಪ್ರೊಸೆಸರ್ ಹಮಾಲರ ದೊಡ್ಡ ತಂಡವಿದ್ದಂತೆ. ಎಲ್ಲರೂ ಏಕಕಾಲಕ್ಕೆ ಒಂದೇ ಬಗೆಯ ಕೆಲಸ ಮಾಡುವುದಿದ್ದರೆ ಮುನೀಮನು ಎಂದೂ ಸರಿಗಟ್ಟಲಾರನು. ಈ ಎರಡು ಬಗೆಯ ಪ್ರೊಸೆಸರ್‌ಗಳನ್ನು ಒಂದೇ ವ್ಯವಸ್ಥೆಯಲ್ಲಿ ಕೂಡಿಸಿ, ಕೆಲಸವನ್ನು ಗುಣಕ್ಕೆ ತಕ್ಕಂತೆ ಹಂಚುವುದೇ ಹೈಬ್ರಿಡ್ ಗಣನೆ.

ಇಲ್ಲಿ ವಿನ್ಯಾಸಕಾರನಿಗೆ ಎದುರಾಗುವ ಮುಖ್ಯ ತೊಡಕು ಸಾಗಣೆಯದು. ಮುನೀಮನ ಬಳಿಯಿರುವ ಅಂಕಿಅಂಶಗಳನ್ನು ಹಮಾಲರ ಅಂಗಳಕ್ಕೆ ಒಯ್ದು, ಕೆಲಸವಾದ ಬಳಿಕ ಮರಳಿ ತರಬೇಕು. ಗೋದಾಮಿನಿಂದ ಮಿಲ್ಲಿಗೆ ಮಾಲು ಸಾಗಿಸುವ ವೆಚ್ಚವು ಬೇಳೆ ಒಡೆಯುವ ವೆಚ್ಚಕ್ಕಿಂತ ಅಧಿಕವಾದರೆ ವ್ಯಾಪಾರ ಹೇಗೆ ನಡೆದೀತು? ಆದ್ದರಿಂದ ಪ್ರೊಸೆಸರ್‌ಗಳ ನಡುವಿನ ದಾರಿ, ಮೆಮೊರಿಯ ವೇಗ, ಬ್ಲೇಡ್‌ಗಳ ನಡುವಿನ ಜಾಲ ಇವುಗಳೇ ಉತ್ತಮ ಯಂತ್ರವನ್ನೂ ಅಧಮ ಯಂತ್ರವನ್ನೂ ಬೇರ್ಪಡಿಸುತ್ತವೆ. ದರಪಟ್ಟಿಯಲ್ಲಿ ಕೋರ್‌ಗಳ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಈ ವಿವರಗಳು ಸಣ್ಣಕ್ಷರದಲ್ಲಿರುತ್ತವೆ ಅಥವಾ ಇರುವುದೇ ಇಲ್ಲ.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ರೋಡ್‌ರನ್ನರ್. ಐಬಿಎಂ ನಿರ್ಮಿಸಿದ ಈ ಯಂತ್ರವು 2008ರಲ್ಲಿ ಸೆಕೆಂಡಿಗೆ ಒಂದು ಪೆಟಾಫ್ಲಾಪ್, ಅಂದರೆ ಒಂದರ ಮುಂದೆ ಹದಿನೈದು ಸೊನ್ನೆಗಳಷ್ಟು ಲೆಕ್ಕಗಳ ಗಡಿಯನ್ನು ಜಗತ್ತಿನಲ್ಲಿ ಮೊದಲು ದಾಟಿತು. ಅದರ ಮೂಲ ಘಟಕ ಬ್ಲೇಡ್‌ಗಳದೇ ಕೂಟ. ಎಎಂಡಿ ಆಪ್ಟೆರಾನ್ ಚಿಪ್ಪುಗಳಿದ್ದ ಒಂದು ಬ್ಲೇಡ್‌ಗೆ, ಸೆಲ್ ಚಿಪ್ಪುಗಳಿದ್ದ ಎರಡು ಬ್ಲೇಡ್‌ಗಳನ್ನು ಜೋಡಿಸಲಾಗಿತ್ತು. ಆಪ್ಟೆರಾನಿನ ನಾಲ್ಕು ಕೋರ್‌ಗಳಿಗೆ ನಾಲ್ಕು ಸೆಲ್ ಚಿಪ್ಪುಗಳು; ಒಬ್ಬೊಬ್ಬ ಮುನೀಮನಿಗೆ ಒಂದೊಂದು ಹಮಾಲರ ತಂಡ.

ಆದರೆ ಅದರ ಅಂತ್ಯವನ್ನೂ ಕೇಳಿರಿ. ಐಬಿಎಂ ಸೆಲ್ ಸರಣಿಯ ಮುಂದಿನ ಚಿಪ್ಪನ್ನು 2009ರಲ್ಲಿ ಕೈಬಿಟ್ಟಿತು. 2013ರ ಮಾರ್ಚ್ 31ರಂದು, ಅಂದರೆ ನಮ್ಮ ಲೆಕ್ಕದ ವರ್ಷ ಮುಗಿಯುವ ದಿನವೇ, ರೋಡ್‌ರನ್ನರ್ ಸೇವೆಯಿಂದ ನಿವೃತ್ತವಾಯಿತು. ಅದು ಕೆಟ್ಟಿರಲಿಲ್ಲ, ಆಗಲೂ ಜಗತ್ತಿನ ಮೊದಲ ಇಪ್ಪತ್ತೈದು ಯಂತ್ರಗಳಲ್ಲಿ ಒಂದಾಗಿತ್ತು. ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಕೆಲಸ ಮಾಡುವ ಯಂತ್ರಗಳು ಬಂದದ್ದರಿಂದ ಅದನ್ನು ನಡೆಸುವುದೇ ನಷ್ಟವೆನಿಸಿತು. ಜಗತ್ತಿನ ಅಗ್ರಗಣ್ಯ ಯಂತ್ರದ ಆರ್ಥಿಕ ಆಯುಷ್ಯ ಐದು ವರ್ಷಗಳಿಗಿಂತ ಕಡಿಮೆಯಾಯಿತು ಎಂಬುದನ್ನು ಪ್ರತಿಯೊಬ್ಬ ಖರೀದಿದಾರನೂ ನೆನಪಿನಲ್ಲಿಡಬೇಕು.

ಕರ್ನಾಟಕದ ಪಾಲು

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1986ರಲ್ಲಿಯೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. 2003ರಲ್ಲಿ ಬೆಂಗಳೂರಿನ ಸಿ-ಡ್ಯಾಕ್ ಕೇಂದ್ರದ ಪರಮ್ ಪದ್ಮ ಯಂತ್ರವು ಜಗತ್ತಿನ 500 ವೇಗದ ಗಣಕಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು. ಅದರ ಪರಮಾವಧಿ ಸಾಮರ್ಥ್ಯ ಸುಮಾರು ಒಂದು ಟೆರಾಫ್ಲಾಪ್. ನೆರೆಯ ಪುಣೆಯಲ್ಲಿ ಟಾಟಾ ಸಮೂಹವು ಬ್ಲೇಡ್ ಸರ್ವರ್‌ಗಳಿಂದಲೇ ಕಟ್ಟಿದ ‘ಏಕ’ ಎಂಬ ಯಂತ್ರ 2007ರ ನವೆಂಬರ್‌ನಲ್ಲಿ ಅದೇ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ ಸಹಸ್ರ-ಟಿ ಯಂತ್ರವು ನಮ್ಮ ವಿಷಯದ ಮೂರೂ ಅಂಶಗಳನ್ನು ಒಳಗೊಂಡಿತ್ತು. ಕ್ರೇ ಸಂಸ್ಥೆಯ ವಿನ್ಯಾಸದಂತೆ ಒಂದು ಬ್ಲೇಡ್‌ನಲ್ಲಿ ನಾಲ್ಕು ಗಣಕಗಳು, ಒಂದು ಚಾಸಿಯಲ್ಲಿ 16 ಬ್ಲೇಡ್‌ಗಳು, ಒಂದು ಕಪಾಟಿನಲ್ಲಿ ಮೂರು ಚಾಸಿಗಳು. ಸಾಮಾನ್ಯ ಪ್ರೊಸೆಸರ್‌ಗಳ ಜೊತೆಗೆ ಜಿಪಿಯುಗಳಿದ್ದ ಗಣಕಗಳೂ ಇದ್ದವು. ಆ ವರ್ಷದ ಜೂನ್ ಪಟ್ಟಿಯಲ್ಲಿ ಅದು 79ನೆಯ ಸ್ಥಾನದಲ್ಲಿತ್ತು. ಕಾಗದದ ಮೇಲಿನ ಸಾಮರ್ಥ್ಯ 1,244 ಟೆರಾಫ್ಲಾಪ್. ಪರೀಕ್ಷೆಯಲ್ಲಿ ತೋರಿದ್ದು 901. ಪರಿಣತರ ಕೈಯಲ್ಲಿಯೂ ಶೇ. 72ರಷ್ಟು ಮಾತ್ರ ದಕ್ಕಿತು ಎಂಬುದನ್ನು ಗಮನಿಸಿರಿ.

ಕೇಂದ್ರ ಸರ್ಕಾರವು 2015ರಲ್ಲಿ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನವನ್ನು ಮಂಜೂರು ಮಾಡಿ, ಅದರ ನಿರ್ವಹಣೆಯನ್ನು ಸಿ-ಡ್ಯಾಕ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ವಹಿಸಿತು. ಈ ಅಭಿಯಾನದಡಿ 2022ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗ ಕಾರ್ಯಾರಂಭ ಮಾಡಿತು. ಅದರ ಪರಮಾವಧಿ ಸಾಮರ್ಥ್ಯ 3.3 ಪೆಟಾಫ್ಲಾಪ್, ಪರಮ್ ಪದ್ಮಕ್ಕಿಂತ ಮೂರು ಸಾವಿರ ಪಟ್ಟಿಗೂ ಅಧಿಕ. ಅದರಲ್ಲಿರುವ 624 ಗಣಕಗಳ ಪೈಕಿ ಜಿಪಿಯು ಸಹಿತವಾದವು 40 ಮಾತ್ರ. ಚಿಪ್ಪುಗಳ ಸಾಮರ್ಥ್ಯದಿಂದ ಲೆಕ್ಕ ಹಾಕಿದರೆ, ಸಂಖ್ಯೆಯಲ್ಲಿ ಶೇ. 6ರಷ್ಟಿರುವ ಈ 40 ಗಣಕಗಳು ಒಟ್ಟು ಸಾಮರ್ಥ್ಯದ ಸುಮಾರು ಐದನೆಯ ಒಂದು ಭಾಗವನ್ನು ಕೊಡುತ್ತವೆ. ಹಾಗಾದರೆ ಎಲ್ಲವನ್ನೂ ಜಿಪಿಯು ಮಾಡಲಿಲ್ಲವೇಕೆ? ಬಹಳಷ್ಟು ಸಂಶೋಧಕರ ತಂತ್ರಾಂಶಗಳಿಗೆ ಮುನೀಮನೇ ಬೇಕು. ಹಮಾಲರಿಗೆ ತಕ್ಕಂತೆ ಅವುಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಯಂತ್ರವನ್ನು ಕೆಲಸಕ್ಕೆ ತಕ್ಕಂತೆ ರಚಿಸಬೇಕೆಂಬ ನ್ಯಾಯ ಇದು. 2024ರ ಸೆಪ್ಟೆಂಬರ್‌ನಲ್ಲಿ ಪುಣೆ, ದೆಹಲಿ ಮತ್ತು ಕೋಲ್ಕತ್ತಗಳಲ್ಲಿ ಲೋಕಾರ್ಪಣೆಗೊಂಡ ಪರಮ್ ರುದ್ರ ಯಂತ್ರಗಳಲ್ಲಿ ಸಿ-ಡ್ಯಾಕ್ ತಾನೇ ವಿನ್ಯಾಸಗೊಳಿಸಿದ ರುದ್ರ ಸರ್ವರ್‌ಗಳಿವೆ.

ತೊಗರಿಯ ನಾಡಿಗೂ ಇದಕ್ಕೂ ಏನು ಸಂಬಂಧ?

ನಮ್ಮ ವಹಿವಾಟು ಮಳೆಯನ್ನು ನಂಬಿದೆ. ಹೂವಿನ ಕಾಲಕ್ಕೆ ಮೋಡ ಮುಸುಕಿದರೆ, ರಾಶಿಯ ಕಾಲಕ್ಕೆ ಮಳೆ ಬಿದ್ದರೆ ಗಂಜಿನ ಧಾರಣೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹವಾಮಾನ ಮುನ್ಸೂಚನೆಗಾಗಿ ಭೂಮಿಯನ್ನು ಚೌಕಗಳಾಗಿ ವಿಭಾಗಿಸಿ ಪ್ರತಿ ಚೌಕಕ್ಕೂ ಗಾಳಿ, ತೇವಾಂಶ, ಉಷ್ಣತೆಗಳ ಲೆಕ್ಕ ಮಾಡುತ್ತಾರೆ. ಚೌಕದ ಬದಿ 12 ಕಿಲೋಮೀಟರ್ ಇದ್ದದ್ದನ್ನು 6 ಕಿಲೋಮೀಟರಿಗೆ ಇಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕಾದ್ದರಿಂದ ಒಟ್ಟು ಲೆಕ್ಕ ಎಂಟು ಪಟ್ಟಾಗುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ಇದನ್ನೇ ಸಾಧಿಸಿತು. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯಲ್ಲಿರುವ 11.77 ಪೆಟಾಫ್ಲಾಪ್ ಸಾಮರ್ಥ್ಯದ ‘ಅರ್ಕ’ ಯಂತ್ರವೇ ಅದರ ಆಧಾರ. ಹಿಂದೆ 144 ಚದರ ಕಿಲೋಮೀಟರಿಗೆ ಒಂದು ಉತ್ತರ ದೊರೆಯುತ್ತಿದ್ದರೆ ಈಗ 36 ಚದರ ಕಿಲೋಮೀಟರಿಗೆ ಒಂದು ದೊರೆಯುತ್ತದೆ. ಚೌಡಾಪುರಕ್ಕೂ ಭೀಮಾ ತೀರದ ಗಾಣಗಾಪುರಕ್ಕೂ ಒಂದೇ ಉತ್ತರ ಅನ್ವಯಿಸುವ ಕಾಲ ಹಿಂದೆ ಸರಿಯುತ್ತಿದೆ. ಈ ಲಾಭವನ್ನು ಪಡೆಯಲು ನಾವು ಯಾವ ಸರ್ವರನ್ನೂ ಕೊಳ್ಳಬೇಕಿಲ್ಲ.

ಈಗ ಲೆಕ್ಕದ ಮಾತು

ಆರಂಭದಲ್ಲಿ ಹೇಳಿದ ನನ್ನ ತಪ್ಪು ಇಂತಿದೆ. ಆಗ ಕಂಪ್ಯೂಟರ್‌ಗಳ ಮೇಲಿನ ಸವಕಳಿ ದರ ಶೇ. 60 ಇತ್ತು. ಮಾರ್ಚ್ ತಿಂಗಳು ಹತ್ತಿರವಾಗುವ ಮೊದಲೇ ಕಕ್ಷಿದಾರರೊಬ್ಬರು ಬ್ಲೇಡ್ ಚಾಸಿ ಕೊಳ್ಳಲೇ ಎಂದು ಕೇಳಿದಾಗ, “ಸವಕಳಿ ಚೆನ್ನಾಗಿ ಸಿಗುತ್ತದೆ, ಕೊಳ್ಳಿರಿ” ಎಂದೆ. ಅವರು ಎರಡೇ ಬ್ಲೇಡ್‌ಗಳೊಂದಿಗೆ ಚಾಸಿ ಕೊಂಡರು. ನಾಲ್ಕು ವರ್ಷಗಳ ನಂತರ ಮೂರನೆಯ ಬ್ಲೇಡ್ ಬೇಕಾದಾಗ ಆ ಚಾಸಿಗೆ ಹೊಂದುವ ಬ್ಲೇಡ್ ಮಾರುಕಟ್ಟೆಯಲ್ಲಿಯೇ ಇರಲಿಲ್ಲ. ಕೊನೆಗೆ ಅದು ಗುಜರಿಯ ಬೆಲೆಗೆ ಹೋಯಿತು. ನಾನು ತೆರಿಗೆಯನ್ನು ನೋಡಿದ್ದೆ, ವ್ಯಾಪಾರವನ್ನು ನೋಡಿರಲಿಲ್ಲ. ಅವರು ನನ್ನನ್ನು ದೂರಲಿಲ್ಲ. ಆದರೆ ಅವರ ಆಯವ್ಯಯ ಪತ್ರದ ಆ ಸಾಲು ನನ್ನನ್ನು ಇಂದಿಗೂ ದೂರುತ್ತಿದೆ.

2017-18ನೆಯ ಹಣಕಾಸು ವರ್ಷದಿಂದ ಸವಕಳಿ ದರ ಶೇ. 40ಕ್ಕೆ ಇಳಿಯಿತು. 10 ಲಕ್ಷ ರೂಪಾಯಿಗಳ ಸರ್ವರ್ ಕೊಂಡ ಪಾಲುದಾರಿಕೆ ಸಂಸ್ಥೆಗೆ ಮೊದಲ ವರ್ಷದ ಸವಕಳಿ 4 ಲಕ್ಷ, ಶೇ. 30ರ ದರದಲ್ಲಿ ಉಳಿಯುವ ತೆರಿಗೆ 1.20 ಲಕ್ಷ, ಸೆಸ್ ಹೊರತಾಗಿ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ. ಎಲ್ಲ ವರ್ಷಗಳನ್ನು ಕೂಡಿಸಿದರೂ ತೆರಿಗೆಯ ಉಳಿತಾಯ 3 ಲಕ್ಷ ಮೀರದು. ಉಳಿದ 7 ಲಕ್ಷ ನಮ್ಮ ಗಂಟಿನಿಂದಲೇ ಹೋಗತಕ್ಕದ್ದು. ತೆರಿಗೆ ಉಳಿಸಲೆಂದೇ ಯಂತ್ರ ಕೊಳ್ಳುವುದು ಒಂದು ರೂಪಾಯಿ ಕೊಟ್ಟು ಮೂವತ್ತು ಪೈಸೆ ಪಡೆದಂತೆ.

ಜಿಎಸ್‌ಟಿಯ ವಿಷಯದಲ್ಲಿ ಬೇಳೆ ಮಿಲ್ಲಿನವರು ವಿಶೇಷ ಎಚ್ಚರ ವಹಿಸಬೇಕು. ಸರ್ವರ್ ಮೇಲೆ ತೆತ್ತ ತೆರಿಗೆಯ ಹುಟ್ಟುವಳಿ ಜಮೆ ಪೂರ್ತಿ ಸಿಗುವುದು ಮಾರಾಟವೆಲ್ಲವೂ ತೆರಿಗೆಗೆ ಒಳಪಟ್ಟಾಗ ಮಾತ್ರ. ವಿನಾಯಿತಿಯುಳ್ಳ ಮಾರಾಟವೂ ಇದ್ದರೆ, ಬಂಡವಾಳ ಸರಕಿನ ಜಮೆಯನ್ನು 60 ತಿಂಗಳುಗಳಿಗೆ ಹಂಚಿ, ವಿನಾಯಿತಿ ಮಾರಾಟದ ಪ್ರಮಾಣಕ್ಕೆ ತಕ್ಕಷ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ವಿದ್ಯುತ್ತಿನ ಲೆಕ್ಕ ಇನ್ನೂ ಸರಳ. ಒಂದು ಕಿಲೋವ್ಯಾಟ್ ಯಂತ್ರ ವರ್ಷವಿಡೀ ನಡೆದರೆ 8,760 ಯೂನಿಟ್. ತಂಪುಗೊಳಿಸಲು ಅದರ ಅರ್ಧದಷ್ಟು ಕೂಡಿಸಿ, ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,05,120 ರೂಪಾಯಿ. ಐದು ವರ್ಷಗಳಲ್ಲಿ ಐದು ಲಕ್ಷ ದಾಟಿತು.

ಕೊನೆಯದು ತಂತ್ರಾಂಶದ ಪರವಾನಗಿ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಸರ್ವರ್ 2016ರಿಂದ ಕೋರ್‌ಗಳ ಸಂಖ್ಯೆಯ ಮೇಲೆ ಪರವಾನಗಿ ಶುಲ್ಕ ವಿಧಿಸುತ್ತದೆ. ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗಳ ಶುಲ್ಕ ಕಡ್ಡಾಯ. ಬಳಸದ ಕೋರ್‌ಗಳಿಗೂ ಶುಲ್ಕ ತೆರಬೇಕಾಗುವುದು ‘ಹೆಚ್ಚು ಕೋರ್ ಇದ್ದಷ್ಟೂ ಒಳಿತು’ ಎಂಬ ಮಾತಿನ ಇನ್ನೊಂದು ಮುಖ.

ನಿರ್ಧಾರಕ್ಕೆ ಮುನ್ನ

ಇಂಥ ದರಪಟ್ಟಿ ಬಂದಾಗ ಸದಸ್ಯ ಬಾಂಧವರು ಕೆಳಗಿನ ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದು ಒಳಿತು:

1. ನಮ್ಮ ಯಾವ ಕೆಲಸ ಈಗ ನಿಧಾನವಾಗಿದೆ? ಆ ಕೆಲಸವನ್ನು ಹಂಚಲು ಬರುವುದೇ?

2. ನಮ್ಮದೇ ತಂತ್ರಾಂಶ, ನಮ್ಮದೇ ಅಂಕಿಅಂಶಗಳೊಂದಿಗೆ ಪ್ರಾತ್ಯಕ್ಷಿಕೆ ತೋರಿಸುವಿರಾ?

3. ಚಾಸಿಯಲ್ಲಿ ಎಷ್ಟು ಮನೆಗಳು ಖಾಲಿ ಉಳಿಯುತ್ತವೆ? ಹೊಂದುವ ಬ್ಲೇಡ್‌ಗಳನ್ನು ಎಷ್ಟು ವರ್ಷ ಪೂರೈಸುವಿರಿ?

4. ಪೂರ್ಣ ಹೊರೆಯಲ್ಲಿ ವಿದ್ಯುತ್ತು ಎಷ್ಟು? ಕೊಠಡಿಯ ಉಷ್ಣತೆ ಎಷ್ಟಿರಬೇಕು?

5. ಐದು ವರ್ಷಗಳ ಒಟ್ಟು ವೆಚ್ಚವೆಷ್ಟು? ಅದೇ ಕೆಲಸವನ್ನು ಬಾಡಿಗೆಗೆ ಪಡೆದರೆ ಎಷ್ಟು?

ಐದನೆಯ ಪ್ರಶ್ನೆ ಈಗ ಬಹಳ ಮುಖ್ಯವಾಗಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಇಂಡಿಯಾ ಎಐ ಅಭಿಯಾನದಡಿ, ಅರ್ಹರಿಗೆ ಜಿಪಿಯುಗಳನ್ನು ರಿಯಾಯಿತಿ ದರದಲ್ಲಿ ಗಂಟೆಯ ಲೆಕ್ಕದ ಮೇಲೆ ಒದಗಿಸುವ ವ್ಯವಸ್ಥೆ ಆರಂಭವಾಗಿದೆ. ಖಾಸಗಿ ಕ್ಲೌಡ್ ಸೇವೆಗಳೂ ಇವೆ. ವರ್ಷಕ್ಕೆ ಕೆಲವೇ ದಿನ ಬೇಕಾದ ಲಾರಿಯನ್ನು ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾರೆ.

ಸಣ್ಣ ಉತ್ಪಾದಕರಿಗೆ ಇನ್ನೊಂದು ದಿಕ್ಕೂ ಇದೆ. ದೇಶದಲ್ಲಿಯೇ ಸರ್ವರ್ ತಯಾರಿಕೆ ಬೆಳೆದಂತೆ ತಗಡಿನ ಚೌಕಟ್ಟು, ತಾಮ್ರದ ಪಟ್ಟಿ, ತಂತಿಗಳ ಜೋಡಣೆ, ಶಾಖಹಾರಿ, ತಂಪು ನೀರಿನ ಕೊಳವೆ, ಭದ್ರ ಪ್ಯಾಕಿಂಗ್ ಇವೆಲ್ಲ ಬೇಕಾಗುತ್ತವೆ. ಇವುಗಳಿಗೆ ಚಿಪ್ಪಿನ ವಿದ್ಯೆ ಬೇಡ; ಅಳತೆಯಲ್ಲಿ ನಿಖರತೆಯೂ, ಹೇಳಿದ ದಿನಕ್ಕೆ ಪೂರೈಸುವ ಶಿಸ್ತೂ ಬೇಕು. ಕಪನೂರ, ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶಗಳ ನಮ್ಮ ಸದಸ್ಯರು ಈ ಬಗ್ಗೆ ವಿಚಾರಿಸಬಹುದಾಗಿದೆ. ಸರ್ವರ್ ಕೊಳ್ಳುವುದಕ್ಕಿಂತ ಸರ್ವರ್‌ಗೆ ಬೇಕಾದುದನ್ನು ಮಾರುವುದು ಲಾಭಕರವಾದೀತು.

ಚೌಡಾಪುರದ ಮಿತ್ರರ ಕಡೆಗೆ ಮರಳುತ್ತೇನೆ. ಮೊದಲ ಪ್ರಶ್ನೆಯನ್ನು ಅವರ ಮಗನ ಮುಂದೆಯೇ ಇರಿಸಿದೆ. ಆತ ಸ್ವಲ್ಪ ಹೊತ್ತು ಯೋಚಿಸಿ, ನಿಧಾನವಾಗಿರುವುದು ಲೆಕ್ಕವಲ್ಲ, ಬೇಳೆಯ ಬಣ್ಣ ವಿಂಗಡಣೆ ಎಂದ. ಕಾಳು ಕಾಳನ್ನೂ ಕ್ಯಾಮರಾದಿಂದ ನೋಡಿ ಗಾಳಿಯ ಹೊಡೆತದಿಂದ ಬೇರ್ಪಡಿಸುವ ಯಂತ್ರದಲ್ಲಿ ಅದಕ್ಕೆ ಬೇಕಾದ ಪ್ರೊಸೆಸರ್ ಅಡಕವಾಗಿಯೇ ಬರುತ್ತದೆ. ಪ್ರತ್ಯೇಕ ಬ್ಲೇಡ್ ಚಾಸಿ ಬೇಕಾಗುವುದಿಲ್ಲ. ತಂದೆ-ಮಗ ಇಬ್ಬರೂ ಸರ್ವರ್ ಬಿಟ್ಟು ಹಳೆಯ ವಿಂಗಡಣಾ ಯಂತ್ರವನ್ನು ಬದಲಿಸಲು ನಿಶ್ಚಯಿಸಿದರು. ಲೆಕ್ಕಕ್ಕೆ ಒಂದು ಸಾಧಾರಣ ಸರ್ವರ್ ಸಾಕಾಯಿತು.

ಹಾಗೆಂದು ಬ್ಲೇಡ್ ಸರ್ವರ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಚಾಸಿಯನ್ನು ತುಂಬುವಷ್ಟು, ಹಗಲಿರುಳು ದುಡಿಸುವಷ್ಟು ಕೆಲಸವಿರುವ ಸಂಸ್ಥೆಗೆ ಅದು ಉತ್ತಮ ಸಾಧನ. ಆ ಕೆಲಸ ನಮ್ಮಲ್ಲಿದೆಯೇ ಎಂಬುದನ್ನು ಮೊದಲು ಅಳೆದು, ನಂತರ ದರಪಟ್ಟಿಯನ್ನು ತೆರೆಯುವುದು ಜಾಣತನ.